ಫೈಲಿಗೆ ಸೇರಿದ ‘ಅಲರ್ಜಿ’ ಎಂಬ ಪದ: ನನ್ನ ಮೈಗ್ರೇನ್, ಮರಗಟ್ಟಿಸುವ ಇಂಜೆಕ್ಷನ್, ಹತ್ತು ತಿಂಗಳು

ಇದನ್ನು ಬರೆಯಲು ಕೂತಾಗ ನನ್ನ ಎಡಗಡೆಯ ಮೇಲ್ದುಟಿ ಇನ್ನೂ ಮರಗಟ್ಟಿಕೊಂಡೇ ಇದೆ. ಈಗಷ್ಟೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದೆ. ಒಂದು ಹಳೆಯ ಫಿಲ್ಲಿಂಗ್ ತೆಗೆದು ಹೊಸದು ಹಾಕಿದರು. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗೆ ನಾನು ಹತ್ತು ತಿಂಗಳು ಕಾದಿದ್ದೇನೆ. ನಡುವೆ ಮೈಗ್ರೇನ್ ಇತ್ತು, ಬಗೆಬಗೆಯ ಮಾತ್ರೆಗಳಿದ್ದವು, ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಳೆದ ಒಂದು ರಾತ್ರಿ ಇತ್ತು. ನನ್ನ ಫೈಲಿಗೆ ತಪ್ಪಾಗಿ ಸೇರಿದ ಒಂದು ಪದವೂ ಇತ್ತು.

ನಾನು ಡಾಕ್ಟರ್ ಅಲ್ಲ. ನನಗೆ ಆದದ್ದನ್ನು, ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತಿದ್ದೇನೆ. ಇದೇ ದಾರಿಯಲ್ಲಿ ಇರುವವರಿಗೆ ಸ್ವಲ್ಪ ಗೊಂದಲ ಕಡಿಮೆಯಾದರೆ ಸಾಕು.

ಶುರುವಾದದ್ದು ಹಲ್ಲಿನಿಂದ. ಹಾಗಂತ ನಾನು ಅಂದುಕೊಂಡಿದ್ದೆ. ಕೋರೆಹಲ್ಲಿನ ಹಿಂದಿನ ಎರಡನೆಯ ಹಲ್ಲು, ಮೇಲೆ ಎಡಗಡೆ. ಅಲ್ಲಿಂದ ನೋವು ಎದ್ದು ಕೆನ್ನೆ, ಕಣ್ಣಿನ ಹಿಂದೆ, ನೆತ್ತಿಯವರೆಗೂ ಹೋಗುತ್ತಿತ್ತು. ಮೈಗ್ರೇನ್ ನನಗೆ ಹೊಸದಲ್ಲ. ಕಾಲೇಜಿನ ದಿನಗಳಿಂದ ಇದೆ. ಆದರೆ ಹಲ್ಲಿನಲ್ಲಿ ಇಷ್ಟು ಸ್ಪಷ್ಟವಾಗಿ ನೋವು ಬಂದದ್ದು ಅದೇ ಮೊದಲು. ಹಲ್ಲು ಸರಿ ಮಾಡಿಸಿದರೆ ತಲೆಯೂ ಸರಿಹೋಗುತ್ತೆ ಅಂತ ಹೋದೆ.

ಡಾಕ್ಟರ್ ಎಕ್ಸ್‌ರೇ ನೋಡಿದರು. ಫಿಲ್ಲಿಂಗ್ ಹಳೆಯದಾಗಿದೆ, ಅಂಚಿನಲ್ಲಿ ಸಣ್ಣ ಹುಳುಕಿದೆ, ಆದರೆ ಇಷ್ಟು ನೋವಿಗೆ ಇದು ಸಾಲದು ಅಂದರು. "ಒಂದು ಇಂಜೆಕ್ಷನ್ ಕೊಡ್ತೀನಿ. ಹಲ್ಲು ಮರಗಟ್ಟಿದ ಮೇಲೂ ನೋವು ಹಾಗೇ ಇದ್ದರೆ, ಅದು ಹಲ್ಲಿನದಲ್ಲ" ಅಂದರು. ಎಷ್ಟು ಸರಳವಾದ ಪರೀಕ್ಷೆ, ಅಲ್ವಾ? ಆ ಹೊತ್ತಿಗೆ ನನಗೆ ಅದರ ಬೆಲೆ ಗೊತ್ತಾಗಲಿಲ್ಲ.

ಯಾಕೆಂದರೆ ಇಂಜೆಕ್ಷನ್ ಆಗಿ ಒಂದು ನಿಮಿಷವೂ ಆಗಿರಲಿಲ್ಲ, ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಕೈ ನಡುಗಿತು. ಹಣೆಯಲ್ಲಿ ಬೆವರು. ಸತ್ತೇ ಹೋಗುತ್ತೇನೆ ಅನ್ನಿಸಿತು. ಕುರ್ಚಿ ಹಿಂದಕ್ಕೆ ಬಾಗಿಸಿ ಮಲಗಿಸಿದರು, ನಾಡಿ ನೋಡಿದರು, ಬಿಪಿ ನೋಡಿದರು. ಐದಾರು ನಿಮಿಷದಲ್ಲಿ ಎಲ್ಲ ಇಳಿಯಿತು. ಆದರೆ ಅವತ್ತು ಹಲ್ಲು ಮುಟ್ಟುವುದು ಬೇಡ ಅಂತ ನಾನೇ ಹೇಳಿದೆ. ಆ ಮರಗಟ್ಟಿಸುವ ಮದ್ದಿನ ಹೆಸರು ಲಿಡೊಕೇನ್. ಅವರು ನನ್ನ ಚೀಟಿಯಲ್ಲಿ ‘ಲಿಡೊಕೇನ್ ಅಲರ್ಜಿ?’ ಅಂತ ಬರೆದರು. ಕೊನೆಯಲ್ಲಿ ಒಂದು ಪ್ರಶ್ನೆಚಿಹ್ನೆ. ಅದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮನೆಗೆ ಬರುವ ಹೊತ್ತಿಗೆ ತುಟಿ, ಕೆನ್ನೆ, ಹಲ್ಲು ಪೂರ್ತಿ ಮರಗಟ್ಟಿದ್ದವು. ಬೆರಳಿನಿಂದ ಹಲ್ಲು ತಟ್ಟಿದೆ. ಏನೂ ಗೊತ್ತಾಗಲಿಲ್ಲ. ಕಣ್ಣಿನ ಹಿಂದಿನ ನೋವು ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಡಾಕ್ಟರ್ ಹೇಳಿದ ಉತ್ತರ ಸಿಕ್ಕಿತ್ತು. ಮುಖದ ಹಲ್ಲು, ಕೆನ್ನೆ, ಕಣ್ಣು, ಹಣೆ, ಮಿದುಳಿನ ಹೊದಿಕೆ, ಇವೆಲ್ಲದರ ನೋವಿನ ಸುದ್ದಿ ಹೊತ್ತೊಯ್ಯುವುದು ಒಂದೇ ನರ. ಟ್ರೈಜೆಮಿನಲ್ ಅಂತ ಅದರ ಹೆಸರು. ಒಂದು ಕೊಂಬೆಯಲ್ಲಿ ಎದ್ದ ನೋವು ಇನ್ನೊಂದು ಕೊಂಬೆಯಲ್ಲಿ ಕಾಣಿಸಿಕೊಳ್ಳಬಹುದು. ಮೈಗ್ರೇನ್ ಹಲ್ಲುನೋವಿನ ವೇಷದಲ್ಲಿ ಬರುವುದು ಹೀಗೆ. ಹಲ್ಲು ಕೀಳಿಸುವ ಮೊದಲು ಈ ಪರೀಕ್ಷೆ ಮಾಡಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಕಿತ್ತ ಹಲ್ಲು ಮತ್ತೆ ಬರಲ್ಲ.

ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಅವರು ಮೈಗ್ರೇನ್ ಬಂದಾಗ ನುಂಗಲು ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು, ನರರೋಗ ತಜ್ಞರಿಗೆ ಪತ್ರವನ್ನೂ ಕೊಟ್ಟರು. ತಜ್ಞರು ಸಿಗಲು ಆರು ವಾರ ಕಾಯಬೇಕಿತ್ತು.

ಸುಮಾಟ್ರಿಪ್ಟಾನ್ ಅನ್ನು ಮೊದಲ ಸಲ ನುಂಗಿದ ರಾತ್ರಿಯನ್ನು ನಾನು ಮರೆಯಲ್ಲ. ಸುಮಾರು ಮುಕ್ಕಾಲು ಗಂಟೆಯಲ್ಲಿ ತಲೆ ಹಗುರಾಗತೊಡಗಿತು. ಅದರ ಜೊತೆಗೇ ಗಂಟಲು, ಎದೆ, ಕತ್ತು ಬಿಗಿಯಾದವು. ಯಾರೋ ಎದೆಯ ಮೇಲೆ ಕೈ ಇಟ್ಟು ಒತ್ತಿದ ಹಾಗೆ. ತಂಗಿ ಕಾರು ತೆಗೆದಳು. ತುರ್ತು ವಿಭಾಗದಲ್ಲಿ ಇಸಿಜಿ ತೆಗೆದರು, ರಕ್ತ ಪರೀಕ್ಷೆ ಎರಡು ಸಲ ಮಾಡಿದರು, ನಾಲ್ಕು ಗಂಟೆ ಮಲಗಿಸಿಕೊಂಡರು. ಹೃದಯಕ್ಕೆ ಏನೂ ಆಗಿರಲಿಲ್ಲ. ಟ್ರಿಪ್ಟಾನ್ ಗುಂಪಿನ ಮಾತ್ರೆಗಳಲ್ಲಿ ಇದು ಕೆಲವರಿಗೆ ಆಗುತ್ತೆ ಅಂದರು. ಜುಮ್ಮೆನ್ನುವುದು, ಮೈ ಬಿಸಿಯಾಗುವುದು, ತೂಕಡಿಕೆ ಕೂಡ ಆಗಬಹುದಂತೆ. ಆದರೆ ಮೊದಲ ಸಲ ಎದೆ ಬಿಗಿದಾಗ ಬಂದು ತೋರಿಸಿದ್ದು ಸರಿ ಅಂತಲೂ ಹೇಳಿದರು. ಅದು ಮಾತ್ರೆಯಿಂದಲೋ ಹೃದಯದಿಂದಲೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲಾಗದು.

ಈ ಮಾತ್ರೆ ಏನು ಮಾಡುತ್ತೆ ಅಂತ ನನಗೆ ಅರ್ಥವಾದದ್ದು ಹೀಗೆ. ಮೈಗ್ರೇನ್ ಬಂದಾಗ ಟ್ರೈಜೆಮಿನಲ್ ನರದ ತುದಿಗಳು ಸಿಜಿಆರ್‌ಪಿ ಎಂಬ ವಸ್ತುವನ್ನು ಸುರಿಸುತ್ತವೆ. ಅದರಿಂದ ಮಿದುಳಿನ ಹೊದಿಕೆಯ ರಕ್ತನಾಳಗಳು ಹಿಗ್ಗುತ್ತವೆ, ನರ ಇನ್ನಷ್ಟು ಕೆರಳುತ್ತೆ. ನಮ್ಮ ಮೈಯಲ್ಲೇ ಇರುವ ಸೆರೊಟೋನಿನ್ ಕೂರುವ ಜಾಗಗಳಲ್ಲಿ ಟ್ರಿಪ್ಟಾನ್ ಹೋಗಿ ಕೂರುತ್ತೆ. ಹಿಗ್ಗಿದ ನಾಳ ಕುಗ್ಗುತ್ತೆ, ಸಿಜಿಆರ್‌ಪಿ ಸುರಿಯುವುದು ಕಡಿಮೆಯಾಗುತ್ತೆ. 1990ರ ದಶಕದ ಮೊದಲಲ್ಲಿ ಸುಮಾಟ್ರಿಪ್ಟಾನ್ ಬಂತು, ಈ ಗುಂಪಿನಲ್ಲಿ ಅದೇ ಮೊದಲನೆಯದು. ರಕ್ತನಾಳ ಕುಗ್ಗಿಸುವ ಗುಣ ಇರುವುದರಿಂದಲೇ ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ, ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಇದನ್ನು ಕೊಡಲ್ಲ. ಎರ್ಗೊಟಮಿನ್ ಎಂಬ ಮೈಗ್ರೇನ್‌ನ ಹಳೆಯ ಮದ್ದು ತಗೊಂಡ 24 ಗಂಟೆಯೊಳಗೆ ಇದನ್ನು ತಗೊಳ್ಳಬಾರದು.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಮೈಗ್ರೇನ್ ಬಂದಾಗ ಹೊಟ್ಟೆಯೂ ನಿಧಾನವಾಗುತ್ತೆ. ನುಂಗಿದ ಮಾತ್ರೆ ಅಲ್ಲೇ ಕೂತುಬಿಡುತ್ತೆ. ಅದಕ್ಕೇ ನೋವು ಶುರುವಾದ ಕೂಡಲೇ ತಗೊಂಡರೆ ಕೆಲಸ ಮಾಡುವ ಮಾತ್ರೆ, ಮೂರು ಗಂಟೆ ಸಹಿಸಿಕೊಂಡು ಆಮೇಲೆ ತಗೊಂಡರೆ ಸೋಲುತ್ತೆ. ‘ತಡೆದುಕೊಳ್ಳೋಣ, ಆಗದಿದ್ದರೆ ಮಾತ್ರೆ’ ಅಂತ ನಾನು ವರ್ಷಗಟ್ಟಲೆ ಮಾಡಿದ್ದು ತಲೆಕೆಳಗಾದ ಲೆಕ್ಕ.

ಎದೆ ಬಿಗಿತ ಅಪಾಯದ್ದಲ್ಲ ಅಂತ ಗೊತ್ತಾದ ಮೇಲೆ ನನಗೆ ಧೈರ್ಯ ಬಂತು. ಧೈರ್ಯ ಜಾಸ್ತಿಯೇ ಆಯಿತು. ನೋವು ಬಂದಾಗಲೆಲ್ಲ ಒಂದು ಮಾತ್ರೆ. ಜೊತೆಗೆ ಮೊದಲಿನಿಂದ ರೂಢಿಯಿದ್ದ ಪ್ಯಾರಾಸಿಟಮಾಲ್, ಐಬುಪ್ರೊಫೆನ್.

ಆರು ವಾರದ ನಂತರ ತಜ್ಞರನ್ನು ಕಂಡಾಗ ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. "ಕಳೆದ ತಿಂಗಳು ಎಷ್ಟು ದಿನ ಮಾತ್ರೆ ತಗೊಂಡ್ರಿ?" ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಎಣಿಸಿದೆ. 19 ದಿನ ತಲೆನೋವು, 17 ದಿನ ಮಾತ್ರೆ, ಅದರಲ್ಲಿ 12 ದಿನ ಟ್ರಿಪ್ಟಾನ್. ಅವರು ಪೆನ್ನು ಕೆಳಗಿಟ್ಟರು. ನೋವಿನ ಮಾತ್ರೆಯೇ ನೋವು ತರುವ ಸ್ಥಿತಿ ಒಂದಿದೆ ಅಂದರು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರಹದ ಮಾತ್ರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ ಆದರೆ 10 ದಿನ ಅಥವಾ ಹೆಚ್ಚು. ಹೀಗೆ ಮೂರು ತಿಂಗಳು ದಾಟಿದರೆ ಆ ಲೆಕ್ಕಕ್ಕೆ ಬರುತ್ತೆ. ಕೊಡೀನ್ ಎಂಬ ಜೋರು ನೋವಿನ ಮದ್ದು ಸೇರಿದ ಮಾತ್ರೆಗೂ 10 ದಿನವೇ ಗಡಿ. ಒಂದು ದಿನದಲ್ಲಿ ಎಷ್ಟು ಮಾತ್ರೆ ಅನ್ನುವುದಕ್ಕಿಂತ ಎಷ್ಟು ದಿನ ಅನ್ನುವುದನ್ನೇ ಇಲ್ಲಿ ಎಣಿಸುತ್ತಾರೆ. ನನ್ನ ಟ್ರಿಪ್ಟಾನ್ ಇನ್ನೂ ಎರಡನೇ ತಿಂಗಳು. ಆದರೆ ಉಳಿದ ಮಾತ್ರೆಗಳನ್ನು ಅದಕ್ಕೂ ಎಷ್ಟೋ ತಿಂಗಳಿಂದ ಹೆಚ್ಚುಕಡಿಮೆ ದಿನ ಬಿಟ್ಟು ದಿನ ನುಂಗುತ್ತಿದ್ದೆ.

ನಾನು ಕೇಳಿದ್ದು ಸ್ಕ್ಯಾನ್. ಅವರು ಕೊಟ್ಟದ್ದು ಒಂದು ಡೈರಿ. ಕಣ್ಣು, ಕೈಕಾಲು, ನಡಿಗೆ ಎಲ್ಲ ಪರೀಕ್ಷಿಸಿ, ಸದ್ಯ ಸ್ಕ್ಯಾನ್ ಬೇಕಿಲ್ಲ ಅಂದರು. ಆಗ ಬೇಸರವಾಯಿತು. ಈಗ ನೋಡಿದರೆ ಅಷ್ಟು ದುಡ್ಡು ಉಳಿಯಿತು. ಆ ಡೈರಿಯೇ ಮುಂದೆ ನನ್ನ ಎಲ್ಲಕ್ಕಿಂತ ದೊಡ್ಡ ದಾಖಲೆಯಾಯಿತು. ದಿನ, ನೋವು ಎಷ್ಟು ಗಂಟೆ, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು. ಇಷ್ಟೇ ಬರೆದಿಟ್ಟರೆ ಸಾಕು.

ಆಮೇಲೆ ಮಾತ್ರೆ ಬಿಡುವ ವಾರ. ಬಿಟ್ಟ ಮೇಲೆ ಎರಡರಿಂದ ಹತ್ತು ದಿನ ನೋವು ಹೆಚ್ಚಾಗಬಹುದು ಅಂತ ಮೊದಲೇ ಹೇಳಿದ್ದರು. ಹೇಳಿದ್ದರಿಂದಲೇ ತಡೆದುಕೊಂಡೆ. ಕೋಣೆ ಕತ್ತಲು, ವಾಕರಿಕೆ, ನಿದ್ದೆ ಇಲ್ಲ. ತಲೆ ಬಾಚಿದರೆ ಕೂದಲಿನ ಬುಡವೇ ನೋಯುತ್ತಿತ್ತು. ವಾಕರಿಕೆಗೆ ಕೊಟ್ಟ ಮೆಟೊಕ್ಲೊಪ್ರಮೈಡ್ ಹೊಟ್ಟೆಯನ್ನು ಸರಿ ಮಾಡಿತು, ಆದರೆ ಎರಡನೇ ದಿನ ಒಂದು ಕಡೆ ಕೂರಲಾಗದಂಥ ಚಡಪಡಿಕೆ ಶುರುವಾಯಿತು. ಕಾಲು ಆಡಿಸುತ್ತಲೇ ಇರಬೇಕು, ಎದ್ದು ಓಡಾಡುತ್ತಲೇ ಇರಬೇಕು. ಅದು ನನ್ನ ಮನಸ್ಸಿನ ದುರ್ಬಲತೆ ಅಂದುಕೊಂಡು ಒಂದಿಡೀ ದಿನ ಅತ್ತೆ. ಫೋನ್ ಮಾಡಿ ಕೇಳಿದರೆ, ಆ ಮದ್ದಿನದೇ ಅಡ್ಡಪರಿಣಾಮ, ನಿಲ್ಲಿಸಿ ಅಂದರು. ನಿಲ್ಲಿಸಿದೆ, ಮರುದಿನ ಹೋಯಿತು. ಕತ್ತು ಅಥವಾ ದವಡೆ ಸೆಟೆದುಕೊಳ್ಳುವುದೂ ಕೆಲವರಿಗೆ ಆಗುತ್ತದಂತೆ. ಹೊಸ ಮಾತ್ರೆ ಶುರುವಾದ ಮೇಲೆ ಹೊಸದೇನಾದರೂ ಕಾಣಿಸಿದರೆ ಮೊದಲು ಮಾತ್ರೆಯನ್ನು ಅನುಮಾನಿಸಿ, ನಿಮ್ಮನ್ನಲ್ಲ.

ಎಂಟನೇ ದಿನ ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕದಲದೆ ಮಲಗಿಯೇ ಇದ್ದೆ.

ತಡೆಗಟ್ಟುವ ಮದ್ದಾಗಿ ಪ್ರೊಪ್ರನೊಲಾಲ್ ಶುರು ಮಾಡಿದರು. ದಿನಕ್ಕೆ 40 ಮಿಲಿಗ್ರಾಂ, ಆಮೇಲೆ 80. ಇದು ಮೂಲತಃ ಹೃದಯದ ಮದ್ದು. 1960ರ ದಶಕದಲ್ಲಿ ಹೃದಯಕ್ಕಾಗಿ ಇದನ್ನು ತಗೊಳ್ಳುತ್ತಿದ್ದವರಲ್ಲಿ ಮೈಗ್ರೇನ್ ಕಡಿಮೆಯಾದದ್ದು ಆಕಸ್ಮಿಕವಾಗಿ ಕಂಡು, ಆಮೇಲೆ ಮೈಗ್ರೇನ್‌ಗೂ ಬಂತು. ಆಸ್ತಮಾ ಇದೆಯಾ ಅಂತ ಮೂರು ಸಲ ಕೇಳಿದರು. ಇದ್ದರೆ ಕೊಡಲ್ಲ, ಉಸಿರ್ನಾಳ ಬಿಗಿಯುತ್ತೆ. ನನಗೆ ಬೆರಳ ತುದಿ ತಣ್ಣಗಾಗುತ್ತಿತ್ತು, ಮೆಟ್ಟಿಲು ಹತ್ತಿದರೆ ಸುಸ್ತು, ರಾತ್ರಿ ಬಣ್ಣಬಣ್ಣದ ಕನಸು. ಎರಡು ತಿಂಗಳಲ್ಲಿ 19 ದಿನ 12ಕ್ಕೆ ಇಳಿಯಿತು. ಜೊತೆಗೆ ಮೈಗ್ರೇನ್ ತಡೆಯುವ ಇನ್ನೊಂದು ಮದ್ದು ಟೊಪಿರಮೇಟ್ ಕೂಡ ಒಂದು ತಿಂಗಳು ನೋಡಿದೆವು. ಬೆರಳು ಜುಮ್ಮೆನ್ನುತ್ತಿದ್ದವು, ಮಾತಿನ ನಡುವೆ ಬೇಕಾದ ಪದವೇ ಸಿಗುತ್ತಿರಲಿಲ್ಲ. ಅದನ್ನು ಬಿಟ್ಟೆವು. ಮಗು ಬೇಕು ಅಂದುಕೊಂಡಿರುವವರು ಟೊಪಿರಮೇಟ್, ಹಾಗೇ ಮೈಗ್ರೇನ್ ತಡೆಯಲು ಕೊಡುವ ವಾಲ್ಪ್ರೊಯೇಟ್, ಎರಡರ ಬಗ್ಗೆಯೂ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಇದೆ.

ಈ ನಡುವೆ ಔಷಧದಂಗಡಿಯಲ್ಲಿ ಒಬ್ಬರು ನನ್ನನ್ನು ಕಾಪಾಡಿದರು. ಎದೆ ಬಿಗಿತದಿಂದಾಗಿ ನಮ್ಮ ಮಾಮೂಲಿ ಡಾಕ್ಟರು ಸುಮಾಟ್ರಿಪ್ಟಾನ್ ಬದಲು ರಿಜಾಟ್ರಿಪ್ಟಾನ್ 10 ಮಿಲಿಗ್ರಾಂ ಬರೆದಿದ್ದರು. ತಜ್ಞರು ಕೊಟ್ಟ ಪ್ರೊಪ್ರನೊಲಾಲ್ ವಿಷಯ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಅಂಗಡಿಯ ಫಾರ್ಮಸಿಸ್ಟ್ "ಬೇರೆ ಏನೇನು ತಗೊಳ್ತಿದ್ದೀರಿ?" ಅಂತ ಕೇಳಿದರು. ಹೇಳಿದೆ. ಪ್ರೊಪ್ರನೊಲಾಲ್ ಇದ್ದರೆ ರಿಜಾಟ್ರಿಪ್ಟಾನ್ ರಕ್ತದಲ್ಲಿ ಜಾಸ್ತಿ ಏರುತ್ತೆ, 5 ಮಿಲಿಗ್ರಾಂ ಸಾಕು ಅಂತ ಅವರೇ ಡಾಕ್ಟರಿಗೆ ಫೋನ್ ಮಾಡಿ ಬದಲಾಯಿಸಿದರು. ಅವತ್ತೇ ಒಂದು ಸಣ್ಣ ಕಾರ್ಡಿನಲ್ಲಿ ನನ್ನ ಎಲ್ಲ ಮಾತ್ರೆಗಳ ಹೆಸರು ಬರೆದು ಪರ್ಸಿನಲ್ಲಿ ಇಟ್ಟೆ.

12 ದಿನಕ್ಕಿಂತ ಕೆಳಗೆ ಇಳಿಯಲಿಲ್ಲ. ತಲೆಯ ಹಿಂಭಾಗದ ನರಕ್ಕೆ ಮರಗಟ್ಟಿಸುವ ಮದ್ದಿನ ಇಂಜೆಕ್ಷನ್ ಕೊಟ್ಟು ನೋಡೋಣ ಅಂದರು ತಜ್ಞರು. ದಿನ ಗೊತ್ತಾಯಿತು, ರಜೆ ಹಾಕಿದೆ, ಹೋದೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ನರ್ಸ್ ಫೈಲ್ ತಿರುವಿದವರು ನಿಂತುಬಿಟ್ಟರು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಇತ್ತು: ‘ಅಲರ್ಜಿ: ಲಿಡೊಕೇನ್’.

ಪ್ರಶ್ನೆಚಿಹ್ನೆ ಇರಲಿಲ್ಲ.

ತುರ್ತು ವಿಭಾಗದಲ್ಲಿ ಅವತ್ತು ರಾತ್ರಿ ‘ಅಲರ್ಜಿ ಇದೆಯಾ’ ಅಂತ ಕೇಳಿದಾಗ ನಾನೇ ಹೌದು ಅಂದಿದ್ದೆ. ಹಲ್ಲಿನ ಡಾಕ್ಟರ ಚೀಟಿಯನ್ನೂ ತೋರಿಸಿದ್ದೆ. ಅಲ್ಲಿಂದ ನಕಲಾಗಿ, ನಕಲಿನಿಂದ ಇನ್ನೊಂದು ನಕಲಾಗಿ, ಅನುಮಾನ ಅನ್ನುವುದು ಸತ್ಯವಾಗಿ ಕೂತಿತ್ತು. ಅಲರ್ಜಿ ಅಂತ ಬರೆದಿರುವಾಗ ಯಾರೂ ಸೂಜಿ ಹಿಡಿಯಲ್ಲ, ಹಿಡಿಯಲೂ ಬಾರದು. ಅವರನ್ನು ದೂರಲಾರೆ. ಆದರೆ ಬಟ್ಟೆ ಬದಲಿಸಿ ಹೊರಗೆ ಬಂದಾಗ ಕಣ್ಣು ತುಂಬಿತ್ತು.

ಇಲ್ಲಿಂದ ಏಳು ವಾರ. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ತೊಂದರೆ ಬಹಳ ಜನರಿಗೆ ಇದೆ ಅಂತ ಆಮೇಲೆ ಗೊತ್ತಾಯಿತು.

ಮೊದಲು ಬೇಕಾದದ್ದು ಹಲ್ಲಿನ ಡಾಕ್ಟರಿಂದ ಪತ್ರ. ‘ಇಂಜೆಕ್ಷನ್ ಕೊಟ್ಟಾಗ ರಿಯಾಕ್ಷನ್ ಆಯಿತು’ ಅಂತ ಒಂದು ಸಾಲು ಬರೆಸಿಕೊಂಡು ಹೋದರೆ ಉಪಯೋಗವಿಲ್ಲ. ನಾನು ಹಾಗೇ ಮಾಡಿ ಎರಡನೇ ಸಲ ಹೋಗಬೇಕಾಯಿತು. ಯಾವ ಮದ್ದು, ಎಷ್ಟು ಪ್ರಮಾಣ, ಅಡ್ರಿನಲಿನ್ ಸೇರಿತ್ತೋ ಇಲ್ಲವೋ, ಕೊಟ್ಟ ಎಷ್ಟು ಹೊತ್ತಿಗೆ ಏನಾಯಿತು, ನಾಡಿ ಎಷ್ಟಿತ್ತು, ಬಿಪಿ ಎಷ್ಟಿತ್ತು, ಮೈಮೇಲೆ ದದ್ದು ಎದ್ದಿತ್ತಾ, ಎಷ್ಟು ಹೊತ್ತಿಗೆ ಇಳಿಯಿತು. ಇಷ್ಟೂ ಇರಬೇಕು. ನನ್ನ ಪತ್ರದಲ್ಲಿ ಕೊನೆಗೆ ಹೀಗಿತ್ತು: ಲಿಡೊಕೇನ್ 2%, ಅಡ್ರಿನಲಿನ್ 80 ಸಾವಿರಕ್ಕೆ 1 ಪಾಲು, 1.8 ಮಿ.ಲೀ. ನಾಡಿ 128. ಬಿಪಿ ಸ್ವಲ್ಪ ಏರಿತ್ತು. ದದ್ದು ಇಲ್ಲ, ಊತ ಇಲ್ಲ, ಉಸಿರಾಟ ಸರಿ.

ಅಲರ್ಜಿ ತಜ್ಞರು ಪತ್ರ ಓದಿ, "ಇದು ಅಲರ್ಜಿಯ ಲಕ್ಷಣವೇ ಅಲ್ಲ" ಅಂದರು. ಅಲರ್ಜಿ ಆದರೆ ದದ್ದು ಏಳುತ್ತೆ, ತುಟಿ ಮುಖ ಊದುತ್ತೆ, ಉಸಿರು ಸುಂಯ್ ಅನ್ನುತ್ತೆ, ಜೋರಾಗಿದ್ದರೆ ಬಿಪಿ ಬೀಳುತ್ತೆ. ನನಗೆ ಆದದ್ದು ಅಡ್ರಿನಲಿನ್ ಕೆಲಸ. ಲಿಡೊಕೇನ್ ತಾನು ಹೋದ ಕಡೆ ರಕ್ತನಾಳ ಹಿಗ್ಗಿಸುತ್ತೆ, ಆಗ ಮದ್ದು ರಕ್ತದಲ್ಲಿ ಬೇಗ ಕೊಚ್ಚಿಹೋಗುತ್ತೆ. ಅದು ಅಲ್ಲೇ ಉಳಿಯಲಿ, ರಕ್ತವೂ ಕಡಿಮೆ ಬರಲಿ ಅಂತ ನಾಳ ಕುಗ್ಗಿಸುವ ಅಡ್ರಿನಲಿನ್ ಸೇರಿಸುತ್ತಾರೆ. ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೇರಿದರೂ ಎದೆ ಡವಡವ, ನಡುಕ. ಹೆದರಿಕೆಯಿಂದ ನಮ್ಮ ಮೈಯೂ ಅದನ್ನೇ ಸುರಿಸುತ್ತೆ. ಸೂಜಿ ಕಂಡು ಬಿಪಿ ಇಳಿದು ತಲೆ ತಿರುಗಿ ಬೀಳುವವರೂ ಇದ್ದಾರೆ, ಅದೂ ಅಲರ್ಜಿ ಅಂತ ಬರೆದುಕೊಂಡು ಕೂರುತ್ತೆ.

ಲಿಡೊಕೇನ್‌ಗೆ ನಿಜವಾದ ಅಲರ್ಜಿ ತೀರಾ ಅಪರೂಪ. ಅದಕ್ಕೂ ಹಿಂದಿನ ಪ್ರೊಕೇನ್ ಗುಂಪಿನ ಮದ್ದುಗಳಲ್ಲಿ ಇದು ಇನ್ನೂ ಜಾಸ್ತಿ ಇತ್ತು. 1884ರಲ್ಲಿ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಬಳಸಿದ್ದು ಸ್ಥಳೀಯ ಅರಿವಳಿಕೆಯ ಶುರು. ಆಮೇಲೆ ಪ್ರೊಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಲಿಡೊಕೇನ್ ತಯಾರಿಸಿದರು. ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ. ಪರೀಕ್ಷೆಗೆ ಕಾಯುವ ದಿನಗಳಲ್ಲಿ ಇದನ್ನು ಓದಿದಾಗ ನನಗೆ ಎಷ್ಟೋ ಧೈರ್ಯ ಬಂತು.

ಆದರೆ ಕಾಗದದ ಮೇಲಿನ ಪದ ಅಳಿಸಲು ಪರೀಕ್ಷೆ ಆಗಲೇಬೇಕಿತ್ತು. ಅಲ್ಲೊಂದು ಹೊಸ ಗಂಟು. ಪರೀಕ್ಷೆ ಹೊತ್ತಿನಲ್ಲಿ ಅಕಸ್ಮಾತ್ ಜೋರು ಅಲರ್ಜಿ ಆದರೆ ಕೊಡುವ ಮದ್ದು ಅಡ್ರಿನಲಿನ್. ಪ್ರೊಪ್ರನೊಲಾಲ್ ಮೈಯಲ್ಲಿದ್ದರೆ ಅದು ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಪ್ರೊಪ್ರನೊಲಾಲ್ ಅನ್ನು ಒಮ್ಮೆಲೇ ನಿಲ್ಲಿಸುವ ಹಾಗೂ ಇಲ್ಲ, ಹೃದಯಕ್ಕೆ ಪೆಟ್ಟು. ಇಬ್ಬರು ಡಾಕ್ಟರೂ ಮಾತಾಡಿಕೊಂಡು ಎರಡು ವಾರದಲ್ಲಿ ಹಂತಹಂತವಾಗಿ ಇಳಿಸಿದರು. ಆ ಎರಡು ವಾರ ಮೈಗ್ರೇನ್ ಮತ್ತೆ ಹೆಚ್ಚಾಯಿತು. ನೆಗಡಿ, ತುರಿಕೆಗೆ ತಗೊಳ್ಳುವ ಅಲರ್ಜಿ ಮಾತ್ರೆಗಳನ್ನೂ ಕೆಲವು ದಿನ ಮೊದಲೇ ಬಿಡಬೇಕು. ಮೈಗ್ರೇನ್‌ಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಚರ್ಮದ ಪರೀಕ್ಷೆಯ ಫಲಿತಾಂಶ ಕೆಡಿಸುತ್ತೆ. ಇದನ್ನು ಯಾರೂ ತಾವಾಗಿ ನಿಲ್ಲಿಸಬೇಡಿ, ಆದರೆ ತಗೊಳ್ಳುತ್ತಿದ್ದರೆ ಹೇಳಿ.

ಪರೀಕ್ಷೆ ಅರ್ಧ ದಿನದ್ದು. ಮುಂಗೈ ಚರ್ಮಕ್ಕೆ ಮೊದಲು ಸುಮ್ನೆ ಒಂದು ಹನಿ ಇಟ್ಟು ಗೀರಿದರು. ಕಾದರು. ಆಮೇಲೆ ತೆಳು ಮಾಡಿದ ಮದ್ದು ಚರ್ಮದ ಒಳಗೆ. ಮತ್ತೆ ಕಾದರು. ಕೊನೆಗೆ ಅಡ್ರಿನಲಿನ್ ಇಲ್ಲದ ಲಿಡೊಕೇನ್ ಅನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಚರ್ಮದ ಕೆಳಗೆ ಕೊಟ್ಟು ಪ್ರತಿ ಸಲ ಬಿಪಿ, ನಾಡಿ ನೋಡಿದರು. ಪ್ರತಿ ಸೂಜಿಗೂ ನಾನು ಗಡಿಯಾರ ನೋಡುತ್ತ ಉಸಿರು ಹಿಡಿದುಕೊಂಡಿದ್ದೆ. ಏನೂ ಆಗಲಿಲ್ಲ. ಮುಂಗೈಯಲ್ಲಿ ಒಂದಿಷ್ಟು ಜಾಗ ಮರಗಟ್ಟಿತು, ಅಷ್ಟೇ. ಈ ಪರೀಕ್ಷೆಗೆ ಬೇರೆಯೇ ಖರ್ಚು ಇರುತ್ತೆ. ನನಗೆ ಕೊನೆಯಲ್ಲಿ ಬಿಲ್ ನೋಡಿ ಗಾಬರಿಯಾಯಿತು. ವಿಮೆ ಇರುವವರು ಮೊದಲೇ ಕೇಳಿ.

ವರದಿ ಕೈಗೆ ಬರಲು ಒಂದು ವಾರ. ಅದನ್ನು ಮೂರು ನಕಲು ಮಾಡಿಸಿ ಆಸ್ಪತ್ರೆಗೆ, ಮಾಮೂಲಿ ಡಾಕ್ಟರಿಗೆ, ಹಲ್ಲಿನ ಡಾಕ್ಟರಿಗೆ ಕೊಟ್ಟೆ. ಕೊಟ್ಟರೆ ಸಾಲದು. ಕಂಪ್ಯೂಟರಿನಲ್ಲಿ ಬದಲಾಗಿದೆಯಾ ಅಂತ ನಿಂತು ನೋಡಬೇಕು. ಒಂದು ಕಡೆ ಎರಡು ಸಲ ಹೋಗಬೇಕಾಯಿತು.

ಪ್ರೊಪ್ರನೊಲಾಲ್ ಮತ್ತೆ ಶುರುವಾಯಿತು. ಮೂರು ವಾರದ ನಂತರ ನರದ ಇಂಜೆಕ್ಷನ್.

ಮೇಜಿನ ಮೇಲೆ ತಲೆ ಬಾಗಿಸಿ ಕೂರಿಸಿದರು. ತಲೆಯ ಹಿಂದಿನ ಗುಬುಟು ಮತ್ತು ಕಿವಿಯ ಹಿಂದಿನ ಮೂಳೆ, ಇವೆರಡರ ನಡುವೆ ಬೆರಳಿನಿಂದ ಒತ್ತುತ್ತ ಬಂದರು. ಒಂದು ಕಡೆ ಒತ್ತಿದಾಗ ನೋವು ಕಣ್ಣಿಗೆ ಹೊಡೆಯಿತು. "ಇದೇ" ಅಂದರು. ಕೂದಲು ಬೋಳಿಸಲಿಲ್ಲ. ಸೂಜಿ ಸಣ್ಣದು, ಮದ್ದು ಹೋಗುವಾಗ ಉರಿ, ಒತ್ತಡ. ಒಂದು ನಿಮಿಷವೂ ಹಿಡಿಯಲಿಲ್ಲ. ಲಿಡೊಕೇನ್ ಮತ್ತು ಬುಪಿವಕೇನ್ ಬೆರೆಸಿದ್ದರು. ಮೊದಲನೆಯದು ಕೆಲವೇ ನಿಮಿಷದಲ್ಲಿ ಹಿಡಿಯುತ್ತೆ, ಬೇಗ ಬಿಡುತ್ತೆ. ಎರಡನೆಯದು ನಿಧಾನ, ಆದರೆ ಎಷ್ಟೋ ಗಂಟೆ ಉಳಿಯುತ್ತೆ.

ಮರಗಟ್ಟುವುದು ಹೇಗೆ ಅಂತ ನಾನು ಕೇಳಿದೆ. ಅವರು ಖುಷಿಯಿಂದ ಹೇಳಿದರು. ನರದಲ್ಲಿ ಸುದ್ದಿ ಓಡಬೇಕಾದರೆ ಸೋಡಿಯಂ ಒಳಗೆ ನುಗ್ಗಬೇಕು, ಅದಕ್ಕೆ ನರದ ಗೋಡೆಯಲ್ಲಿ ಸಣ್ಣಸಣ್ಣ ಬಾಗಿಲುಗಳಿವೆ. ಈ ಮದ್ದು ಗೋಡೆ ದಾಟಿ ಒಳಗೆ ಹೋಗಿ, ಒಳಗಿನಿಂದ ಆ ಬಾಗಿಲುಗಳಿಗೆ ಅಗುಳಿ ಹಾಕುತ್ತೆ. ಸುದ್ದಿ ಅಲ್ಲೇ ನಿಲ್ಲುತ್ತೆ. ನೋವು, ಬಿಸಿ, ತಣ್ಣಗೆ ಅನ್ನುವ ಸುದ್ದಿಯ ತೆಳ್ಳನೆಯ ಎಳೆಗಳು ಮೊದಲು ಸುಮ್ಮನಾಗುತ್ತವೆ, ಒತ್ತಡ ತಿಳಿಸುವ ದಪ್ಪ ಎಳೆಗಳು ಆಮೇಲೆ. ಹಲ್ಲು ಕೀಳುವಾಗ ಎಳೆದದ್ದು ಗೊತ್ತಾಗಿಯೂ ನೋಯದೆ ಇರುವುದು ಇದಕ್ಕೇ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತೆ, ಅಲ್ಲಿ ಮದ್ದು ಗೋಡೆ ದಾಟುವುದು ಕಷ್ಟ, ಆದ್ದರಿಂದ ಸರಿಯಾಗಿ ಹಿಡಿಯಲ್ಲ.

ನನಗೆ ಭಯವಿದ್ದದ್ದು ಮದ್ದು ಜಾಸ್ತಿಯಾಗುವುದರ ಬಗ್ಗೆ. ರಕ್ತದಲ್ಲಿ ಹೆಚ್ಚಾದರೆ ಬಾಯಿ ಸುತ್ತ ಜುಮ್ಮೆನ್ನುತ್ತೆ, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ತಲೆ ಸುತ್ತು. ಇನ್ನೂ ಹೆಚ್ಚಾದರೆ ಫಿಟ್ಸ್, ಹೃದಯದ ಬಡಿತ ತಪ್ಪುವುದು. ಹೃದಯದ ಮಟ್ಟಿಗೆ ಬುಪಿವಕೇನ್ ಹೆಚ್ಚು ಅಪಾಯದ್ದು. ಇದಕ್ಕೆ ರಕ್ತಕ್ಕೆ ಕೊಡುವ ಕೊಬ್ಬಿನ ದ್ರಾವಣ ಚಿಕಿತ್ಸೆಯಾಗಿ ಇದೆ. ಇನ್ನೊಂದು ವಿಷಯ: ಲಿಡೊಕೇನ್ ಕರಗುವುದು ಲಿವರಿನಲ್ಲಿ, ಪ್ರೊಪ್ರನೊಲಾಲ್ ಅದನ್ನು ನಿಧಾನ ಮಾಡುತ್ತೆ. ಅವರು ಲೆಕ್ಕ ಹಾಕಿ ತೋರಿಸಿದರು. ಅಡ್ರಿನಲಿನ್ ಇಲ್ಲದ ಲಿಡೊಕೇನ್‌ಗೆ ಗಡಿ ಕಿಲೋಗೆ 4.5 ಮಿಲಿಗ್ರಾಂ. 60 ಕಿಲೋ ಇರುವವರಿಗೆ 270. 2% ಮದ್ದು ಒಂದು ಮಿ.ಲೀ.ನಲ್ಲಿ 20 ಮಿಲಿಗ್ರಾಂ. ನನಗೆ ಕೊಟ್ಟದ್ದು 2 ಮಿ.ಲೀ., ಅಂದರೆ 40. ಬುಪಿವಕೇನ್ ಕೂಡ ಹೀಗೇ ಗಡಿಗಿಂತ ಬಹಳ ಕೆಳಗಿತ್ತು. ಈ ಲೆಕ್ಕ ಕಣ್ಣಾರೆ ಕಂಡ ಮೇಲೆ ಭುಜ ಸಡಿಲಾಯಿತು.

ಹತ್ತು ನಿಮಿಷದಲ್ಲಿ ತಲೆಯ ಹಿಂಭಾಗ ಎಡಗಡೆ ಬೇರೆ ಯಾರದೋ ಅನ್ನುವ ಹಾಗಾಯಿತು. ಹಣೆ ಮರಗಟ್ಟಲಿಲ್ಲ, ಆದರೆ ಕಣ್ಣಿನ ಹಿಂದಿನ ನೋವು ಇಳಿಯುತ್ತ ಬಂತು. ಕತ್ತಿನ ಮೇಲ್ಭಾಗದ ನರ ಮತ್ತು ಟ್ರೈಜೆಮಿನಲ್ ನರ ಮಿದುಳ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಹಿಂದೆ ಸುಮ್ಮನಾಗಿಸಿದರೆ ಮುಂದೆಯೂ ತಣ್ಣಗಾಗುವುದು ಹಾಗೆ. ಮರಗಟ್ಟುವಿಕೆ ಸಂಜೆಗೆ ಹೋಯಿತು. ನೋವು ಮಾತ್ರ ವಾರಗಟ್ಟಲೆ ಹಗುರವಾಗಿಯೇ ಇತ್ತು. ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ಏನೂ ಆಗಲ್ಲ. ಎದ್ದ ಕೂಡಲೇ ತಲೆ ಸುತ್ತಬಹುದು, ಅರ್ಧ ಗಂಟೆ ಕೂತೇ ಇರಿ. ಗಾಡಿ ಓಡಿಸಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ಚುಚ್ಚಿದ ಜಾಗ ಎರಡು ದಿನ ನೋಯುತ್ತೆ. ಸ್ಟೀರಾಯ್ಡ್ ಸೇರಿಸಿದರೆ ಆ ಜಾಗದ ಕೂದಲು ಉದುರುವುದು, ಚರ್ಮ ತೆಳುವಾಗುವುದು ಕೆಲವೊಮ್ಮೆ ಆಗುತ್ತೆ. ಸೇರಿಸುತ್ತೀರಾ ಅಂತ ಮೊದಲೇ ಕೇಳಿ. ನನಗೆ ಸೇರಿಸಲಿಲ್ಲ.

ಕಳೆದ ತಿಂಗಳ ಡೈರಿಯಲ್ಲಿ 7 ದಿನ ನೋವು, 4 ದಿನ ಮಾತ್ರೆ.

ಉಳಿದದ್ದು ಆ ಹಲ್ಲು. ಇವತ್ತು ಬೆಳಿಗ್ಗೆ ಕಾರ್ಡ್, ವರದಿ ಎರಡನ್ನೂ ಕೊಟ್ಟೆ. ಡಾಕ್ಟರ್ ಪೂರ್ತಿ ಓದಿದರು. ಪ್ರೊಪ್ರನೊಲಾಲ್ ಇರುವಾಗ ಅಡ್ರಿನಲಿನ್ ಸೇರಿದರೆ ಬಿಪಿ ಏರಿ ನಾಡಿ ಇಳಿಯಬಹುದು, ಸ್ವಲ್ಪವೇ ಸಾಕಾದರೂ ನಿಮಗೆ ಅದು ಬೇಡ ಅಂದರು. ಅಡ್ರಿನಲಿನ್ ಇಲ್ಲದ ಇನ್ನೊಂದು ಮರಗಟ್ಟಿಸುವ ಮದ್ದು, ಮೆಪಿವಕೇನ್ 3% ತೆಗೆದರು. "ಇದು ಬೇಗ ಇಳಿಯುತ್ತೆ, ನಾನೂ ಬೇಗ ಮುಗಿಸ್ತೀನಿ." ಸೂಜಿ ನಿಧಾನವಾಗಿ ಒತ್ತಿದರು. ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ಎಣಿಸುತ್ತಿದ್ದೆ. ಒಂದು ನಿಮಿಷ, ಎರಡು ನಿಮಿಷ. ಬಡಿತ ಏರಲಿಲ್ಲ. ಡ್ರಿಲ್ ಸದ್ದು ಕೇಳಿಸಿತು, ಹಲ್ಲು ಅದುರಿದ್ದು ಗೊತ್ತಾಯಿತು, ನೋವು ಇರಲಿಲ್ಲ. ಹೊರಡುವ ಮೊದಲು ಅವರು ಹಳೆಯ ಚೀಟಿ ಹುಡುಕಿ, ಪ್ರಶ್ನೆಚಿಹ್ನೆ ಇದ್ದ ಆ ಸಾಲನ್ನು ನನ್ನ ಎದುರಿಗೇ ಹೊಡೆದು ಹಾಕಿ, ಪಕ್ಕದಲ್ಲಿ ಇವತ್ತಿನ ದಿನಾಂಕ ಬರೆದು ಸಹಿ ಮಾಡಿದರು.

ತುಟಿ ಈಗ ಜುಮ್ಮೆನ್ನುತ್ತಿದೆ. ಅರಿವು ಮರಳಿ ಬರುತ್ತಿದೆ. ಪೂರ್ತಿ ಬರುವವರೆಗೆ ಬಿಸಿ ಏನನ್ನೂ ಕುಡಿಯಬೇಡಿ, ಕೆನ್ನೆ ಕಚ್ಚಿಕೊಳ್ಳಬೇಡಿ ಅಂತ ಹೇಳಿ ಕಳಿಸಿದ್ದಾರೆ. ಕಾಯುತ್ತಿದ್ದೇನೆ.